ನ್ಯಾಯಮೂರ್ತಿ ಹತ್ತಿದ ಗೆಳೆಯನ ವಿಮಾನ

ಪ್ರಶ್ನೆ: ಅಮೆರಿಕದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಅವರು ಶ್ರೀಮಂತ ಗೆಳೆಯರೊಬ್ಬರ ಖರ್ಚಿನಲ್ಲಿ ವರ್ಷಗಟ್ಟಲೆ ಪ್ರವಾಸ ಮಾಡಿದ್ದು ದೊಡ್ಡ ಸುದ್ದಿಯಾಯಿತು. ಗೆಳೆಯ ಗೆಳೆಯನನ್ನು ಕರೆದುಕೊಂಡು ಹೋದರೆ ತಪ್ಪೇನು? ಆ ಗೆಳೆಯರ ಕೇಸೂ ಕೋರ್ಟಿನಲ್ಲಿ ಇರಲಿಲ್ಲವಂತೆ. ಇದನ್ನೆಲ್ಲ ಬರೆದುಕೊಡಬೇಕು ಅಂತ ಕಾನೂನು ನಿಜಕ್ಕೂ ಹೇಳುತ್ತದಾ? ಬರೆದುಕೊಟ್ಟರೆ ಎಲ್ಲ ಸರಿಯಾ? ಕೊಡದಿದ್ದರೆ ಏನಾಗುತ್ತದೆ?

ಉತ್ತರ: ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಥಾಮಸ್ ಲಂಚ ತೆಗೆದುಕೊಂಡರು ಎಂದು ಯಾರೂ ಸಾಬೀತು ಮಾಡಿಲ್ಲ. ಅವರ ಗೆಳೆಯ, ಟೆಕ್ಸಾಸ್‌ನ ರಿಯಲ್ ಎಸ್ಟೇಟ್ ಉದ್ಯಮಿ ಹಾರ್ಲನ್ ಕ್ರೋ, ಕೋರ್ಟಿನ ಮುಂದಿರುವ ಯಾವ ಕೇಸಿನ ಬಗ್ಗೆಯೂ ತಾನು ಥಾಮಸ್ ಜೊತೆ ಮಾತಾಡಿಲ್ಲ ಎಂದಿದ್ದಾರೆ. ಅದು ಸುಳ್ಳು ಎನ್ನಲು ನನ್ನ ಬಳಿ ಏನೂ ಇಲ್ಲ. ಹಾಗಾಗಿ ಲಂಚದ ಮಾತನ್ನು ಪಕ್ಕಕ್ಕಿಡೋಣ.

ಉಳಿಯುವುದು ಬೇರೆ ಸಂಗತಿ. ಅದಕ್ಕೆ ಕನ್ನಡದಲ್ಲಿ ಬಹಳ ಸರಿಯಾದ ಪದವೇ ಇದೆ: ಹಂಗು. ಲಂಚಕ್ಕೆ ಒಂದು ಕೆಲಸ ಇರುತ್ತದೆ, ಒಂದು ರೇಟು ಇರುತ್ತದೆ. ಹಂಗಿಗೆ ಎರಡೂ ಇಲ್ಲ. ಕೊಟ್ಟವರು ಬಾಯಿಬಿಟ್ಟು ಏನನ್ನೂ ಕೇಳಬೇಕಾಗಿಲ್ಲ. ಪಡೆದವರಿಗೆ ತಮ್ಮ ಮನಸ್ಸು ಒಂದು ಕಡೆ ವಾಲಿದೆ ಎಂದು ಗೊತ್ತಾಗಬೇಕಾಗಿಯೂ ಇಲ್ಲ. ಉಂಡ ಮನೆಗೆ ಎರಡು ಬಗೆಯಬಾರದು ಎನ್ನುತ್ತೇವಲ್ಲ, ಅದು ಒಳ್ಳೆಯ ಗುಣವೇ. ನ್ಯಾಯಪೀಠದಲ್ಲಿ ಕೂತವರಿಗೆ ಮಾತ್ರ ಆ ಒಳ್ಳೆಯ ಗುಣವೇ ತೊಡಕು. ಉಂಡ ಮನೆಯ ವಿರುದ್ಧವೇ ತೀರ್ಪು ಬರೆಯಬೇಕಾದ ದಿನ ಅವರಿಗೆ ಬರಬಹುದು.

ಆ ಹಂಗನ್ನು ಅಳೆಯುವವರು ಯಾರು? ನಿಮ್ಮ ಪ್ರಶ್ನೆಗಳೆಲ್ಲ ಬಂದು ನಿಲ್ಲುವುದು ಇಲ್ಲಿಗೇ.

ಕಾನೂನಿನಿಂದ ಶುರು ಮಾಡುತ್ತೇನೆ. ವಾಟರ್‌ಗೇಟ್ ಹಗರಣದ ನಂತರ, 1978ರಲ್ಲಿ, ಅಮೆರಿಕದ ಸಂಸತ್ತು ಎಥಿಕ್ಸ್ ಇನ್ ಗವರ್ನಮೆಂಟ್ ಆ್ಯಕ್ಟ್ ಎಂಬ ಕಾಯ್ದೆ ತಂದಿತು. ಅದರ ಪ್ರಕಾರ ಫೆಡರಲ್, ಅಂದರೆ ಕೇಂದ್ರದ ಕೋರ್ಟುಗಳ, ನ್ಯಾಯಾಧೀಶರು ಪ್ರತಿ ವರ್ಷ ಮೇ 15ರೊಳಗೆ ಒಂದು ನಮೂನೆ ತುಂಬಿ ಕೊಡಬೇಕು. ಸುಪ್ರೀಂ ಕೋರ್ಟಿನ ಒಂಬತ್ತು ಮಂದಿಯೂ ಇದರಲ್ಲಿ ಸೇರಿದ್ದಾರೆ. ಹೊರಗಿನ ಆದಾಯ, ಷೇರು, ಸಾಲ, ಬೇರೆಯವರು ಭರಿಸಿದ ಪ್ರಯಾಣದ ಖರ್ಚು, ಉಡುಗೊರೆ ಎಲ್ಲವನ್ನೂ ಬರೆಯಬೇಕು. ಒಬ್ಬರಿಂದ ಒಂದು ವರ್ಷದಲ್ಲಿ ಬಂದ ಉಡುಗೊರೆ ಒಂದು ಮಿತಿ ದಾಟಿದರೆ ಕೊಟ್ಟವರ ಹೆಸರು, ಕೊಟ್ಟದ್ದೇನು, ಅದರ ಬೆಲೆ ಎಷ್ಟು ಎಂದು ತಿಳಿಸಬೇಕು. 2023ರಲ್ಲಿ ಆ ಮಿತಿ 480 ಡಾಲರ್ ಇತ್ತು. ಸಂಬಂಧಿಕರು ಕೊಟ್ಟದ್ದಕ್ಕೆ ವಿನಾಯಿತಿ ಇದೆ.

ಅಂದರೆ, ಹೌದು, ಬರೆದುಕೊಡಬೇಕು. ಜಗಳ ಇರುವುದು ಇನ್ನೊಂದು ವಿನಾಯಿತಿಯ ಬಗ್ಗೆ. ಗೆಳೆಯರ ಮನೆಯ ಆತಿಥ್ಯವನ್ನು ಬರೆಯಬೇಕಾಗಿಲ್ಲ ಎನ್ನುತ್ತದೆ ಕಾಯ್ದೆ. ಆತಿಥ್ಯ ಅಂದರೆ ಏನು ಎಂದು ಮೂರು ಪದಗಳಲ್ಲಿ ಹೇಳುತ್ತದೆ: ಊಟ, ವಸತಿ, ಮನರಂಜನೆ. ಅದನ್ನು ಕೊಟ್ಟವರು ಒಬ್ಬ ವ್ಯಕ್ತಿ ಆಗಿರಬೇಕು, ಕಂಪನಿ ಆಗಿರಬಾರದು. ಅವರ ಮನೆಯಲ್ಲೋ, ಅವರ ಅಥವಾ ಅವರ ಕುಟುಂಬದ ಸ್ವಂತ ಜಾಗದಲ್ಲೋ ಕೊಟ್ಟಿರಬೇಕು. ವ್ಯವಹಾರದ ಉದ್ದೇಶ ಇರಬಾರದು. ಇದರಲ್ಲಿ ತಪ್ಪೇನಿಲ್ಲ. ಗೆಳೆಯರ ಮನೆಯ ರಾತ್ರಿ ಊಟಕ್ಕೆ ಯಾರೂ ಲೆಕ್ಕ ಕೇಳುವುದಿಲ್ಲ. ನ್ಯಾಯಾಧೀಶರು ಸನ್ಯಾಸಿಗಳ ಹಾಗೆ ಬದುಕಲಿ ಎಂದೂ ಯಾರೂ ಬಯಸಿಲ್ಲ.

ಈಗ ಆ ಮೂರು ಪದಗಳನ್ನು ಇನ್ನೊಮ್ಮೆ ನೋಡಿ. ಅವುಗಳಲ್ಲಿ ಪ್ರಯಾಣ ಇಲ್ಲ.

ಪ್ರೊಪಬ್ಲಿಕಾ ಎಂಬ ಸುದ್ದಿ ಸಂಸ್ಥೆ 2023ರ ಏಪ್ರಿಲ್ 6ರಂದು ಪ್ರಕಟಿಸಿದ ವರದಿಯ ತುಂಬ ಇದ್ದದ್ದು ಪ್ರಯಾಣವೇ. ಥಾಮಸ್ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕ್ರೋ ಅವರ ಖಾಸಗಿ ಜೆಟ್‌ನಲ್ಲಿ ಓಡಾಡಿದ್ದರು. ಬಹುತೇಕ ಪ್ರತಿ ಬೇಸಿಗೆಯಲ್ಲೂ ನ್ಯೂಯಾರ್ಕ್ ರಾಜ್ಯದ ಬೆಟ್ಟಗಳ ನಡುವಿನ ಕ್ರೋ ಅವರ ಖಾಸಗಿ ರೆಸಾರ್ಟಿನಲ್ಲಿ ಕೆಲವು ದಿನ ಕಳೆಯುತ್ತಿದ್ದರು. 2019ರಲ್ಲಿ ದಂಪತಿ ಇಂಡೋನೇಷ್ಯಾಕ್ಕೆ ಹೋದರು. ಹೋದದ್ದು ಕ್ರೋ ವಿಮಾನದಲ್ಲಿ, ದ್ವೀಪಗಳನ್ನು ಸುತ್ತಿದ್ದು ಕ್ರೋ ಅವರ ಮೈಕೇಲಾ ರೋಸ್ ಎಂಬ ಐಷಾರಾಮಿ ಹಡಗಿನಲ್ಲಿ. ಅದೇ ವಿಮಾನ, ಅದೇ ಹಡಗನ್ನು ಥಾಮಸ್ ಬಾಡಿಗೆಗೆ ಹಿಡಿದಿದ್ದರೆ 5 ಲಕ್ಷ ಡಾಲರ್ ದಾಟಬಹುದಿತ್ತು ಎಂಬುದು ವರದಿಯ ಅಂದಾಜು. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯ ಸಂಬಳ ಕಡಿಮೆಯೇನಲ್ಲ. 2023ರಲ್ಲಿ ವರ್ಷಕ್ಕೆ 2,85,400 ಡಾಲರ್. ಆದರೂ ಈ ಒಂದು ಪ್ರವಾಸಕ್ಕೆ ಅದು ಸಾಲುತ್ತಿರಲಿಲ್ಲ.

ಮುಂದಿನ ವಾರಗಳಲ್ಲಿ ಇನ್ನೂ ಎರಡು ಸಂಗತಿ ಹೊರಬಂದವು. ಜಾರ್ಜಿಯಾದ ಸವಾನಾ ಊರಿನಲ್ಲಿ ಥಾಮಸ್ ಮತ್ತು ಕುಟುಂಬದವರಿಗೆ ಸೇರಿದ ಆಸ್ತಿಯನ್ನು ಕ್ರೋ ಅವರ ಕಂಪನಿಯೊಂದು 2014ರಲ್ಲಿ 1,33,363 ಡಾಲರ್‌ಗೆ ಕೊಂಡಿತ್ತು. ಅದರಲ್ಲಿ ನ್ಯಾಯಮೂರ್ತಿಯ ತಾಯಿ ವಾಸವಿದ್ದ ಮನೆಯೂ ಸೇರಿತ್ತು. ಥಾಮಸ್ ಸಾಕುತ್ತಿದ್ದ ಸಂಬಂಧಿಕರ ಹುಡುಗನ ಶಾಲಾ ಶುಲ್ಕವನ್ನೂ ಕ್ರೋ ಕಟ್ಟಿದ್ದರು. ಆಸ್ತಿ ಮಾರಾಟಕ್ಕೆ ಆತಿಥ್ಯದ ವಿನಾಯಿತಿಯನ್ನು ಎಷ್ಟು ಎಳೆದರೂ ಅನ್ವಯಿಸಲು ಆಗುವುದಿಲ್ಲ. ಅದೂ ನಮೂನೆಯಲ್ಲಿ ಇರಲಿಲ್ಲ.

ಥಾಮಸ್ ಕೊಟ್ಟ ಉತ್ತರವನ್ನೂ ಹೇಳಬೇಕು. ಕೋರ್ಟಿಗೆ ಬಂದ ಹೊಸದರಲ್ಲೇ ಸಹೋದ್ಯೋಗಿಗಳನ್ನೂ ನ್ಯಾಯಾಂಗದ ಇತರರನ್ನೂ ಕೇಳಿದ್ದೆ, ಕೋರ್ಟಿನ ಮುಂದೆ ವ್ಯವಹಾರ ಇಲ್ಲದ ಆಪ್ತ ಗೆಳೆಯರ ಆತಿಥ್ಯ ಬರೆಯಬೇಕಾಗಿಲ್ಲ ಎಂದು ಅವರು ಹೇಳಿದ್ದರು ಎನ್ನುವುದು ಅವರ ವಿವರಣೆ. ವಿನಾಯಿತಿಯ ಪದಗಳು ಸಡಿಲವಾಗಿದ್ದವು ಎನ್ನುವುದು ಅರ್ಧ ನಿಜ. ಆದರೆ ನನಗೆ ಒಂದು ಹಳೆಯ ಸಂಗತಿ ಕಾಡುತ್ತದೆ. ಥಾಮಸ್ ಮೊದಲು ಇಂಥವನ್ನು ಬರೆಯುತ್ತಿದ್ದರು! 1997ರ ನಮೂನೆಯಲ್ಲಿ ಕ್ರೋ ಅವರ ಜೆಟ್ ಪ್ರಯಾಣ ಇದೆ. ಗುಲಾಮಗಿರಿಯ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಸ್ ಅವರ ಬೈಬಲ್ ಕ್ರೋ ಅವರಿಂದ ಬಂದದ್ದು, ಬೆಲೆ 19,000 ಡಾಲರ್ ಎಂದು ಬರೆದಿದ್ದರು. 2004ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಆ ನಮೂನೆಗಳನ್ನು ಓದಿ, ಬೇರೆ ನ್ಯಾಯಮೂರ್ತಿಗಳಿಗಿಂತ ಥಾಮಸ್‌ಗೆ ಬಂದ ಉಡುಗೊರೆ ಎಷ್ಟು ಜಾಸ್ತಿ ಎಂದು ವರದಿ ಮಾಡಿತು. ಅದಾದ ಮೇಲೆ ಕ್ರೋ ಅವರ ವಿಮಾನ ನಮೂನೆಯಿಂದ ಬಹುಮಟ್ಟಿಗೆ ಮಾಯವಾಯಿತು. ಪ್ರಯಾಣ ನಿಲ್ಲಲಿಲ್ಲ, ಬರೆಯುವುದು ನಿಂತಿತು. ನಿಯಮ ಅರ್ಥವಾಗಿರಲಿಲ್ಲ ಎಂಬ ವಾದವನ್ನು ನಾನು ಪೂರ್ತಿ ನುಂಗಲಾಗದೇ ಇರುವುದು ಇದರಿಂದಲೇ.

ಪ್ರೊಪಬ್ಲಿಕಾ ವರದಿ ಬರುವ ಮೂರು ವಾರ ಮೊದಲೇ ಆ ಸಡಿಲವನ್ನೂ ಬಿಗಿ ಮಾಡಲಾಗಿತ್ತು. ಫೆಡರಲ್ ಕೋರ್ಟುಗಳಿಗೆ ನಿಯಮ ಮಾಡುವ ಜುಡಿಷಿಯಲ್ ಕಾನ್ಫರೆನ್ಸ್ 2023ರ ಮಾರ್ಚ್‌ನಲ್ಲಿ ಸ್ಪಷ್ಟನೆ ಕೊಟ್ಟಿತು: ಖಾಸಗಿ ಜೆಟ್ ಪ್ರಯಾಣ ಆತಿಥ್ಯವಲ್ಲ, ಬರೆಯಬೇಕು. ದುಡ್ಡು ತೆಗೆದುಕೊಂಡು ಕೋಣೆ ಕೊಡುವಂಥ ರೆಸಾರ್ಟಿನ ವಾಸ್ತವ್ಯವೂ ಅಷ್ಟೇ. ಆ ಆಗಸ್ಟ್‌ನಲ್ಲಿ ಥಾಮಸ್ ಸಲ್ಲಿಸಿದ ನಮೂನೆಯಲ್ಲಿ 2022ರ ಮೂರು ಜೆಟ್ ಪ್ರಯಾಣಗಳೂ ಹಳೆಯ ಆಸ್ತಿ ಮಾರಾಟವೂ ಸೇರಿದವು.

ಇನ್ನು ನಿಮ್ಮ ಬಲವಾದ ವಾದ: ಗೆಳೆಯರ ಕೇಸೇ ಇರಲಿಲ್ಲವಲ್ಲ.

ಕೆಳಗಿನ ಕೋರ್ಟಿನಲ್ಲಿ ಈ ವಾದಕ್ಕೆ ತೂಕ ಇದೆ. ಅಲ್ಲಿ ರಾಮನಿಗೂ ಭೀಮನಿಗೂ ಜಗಳ. ನ್ಯಾಯಾಧೀಶರು ಇಬ್ಬರನ್ನೂ ಬಲ್ಲವರಲ್ಲದಿದ್ದರೆ ಆಯಿತು. ಸುಪ್ರೀಂ ಕೋರ್ಟ್ ಹಾಗಲ್ಲ. ಅಲ್ಲಿನ ಒಂದು ತೀರ್ಪು ತೆರಿಗೆ, ಜಮೀನು, ಪರಿಸರ ನಿಯಮ, ಚುನಾವಣಾ ದೇಣಿಗೆ ಇವುಗಳನ್ನು ಇಡೀ ದೇಶಕ್ಕೆ ಬದಲಿಸುತ್ತದೆ. ದೊಡ್ಡ ಉದ್ಯಮಿಗೆ ತನ್ನ ಹೆಸರಿನ ಕೇಸ್ ಇಲ್ಲದೆಯೂ ಲಾಭ ನಷ್ಟ ಇರುತ್ತದೆ. ಅದೂ ಅಲ್ಲದೆ, ಆ ಕೋರ್ಟಿಗೆ ವರ್ಷಕ್ಕೆ ಸಾವಿರಾರು ಅರ್ಜಿ ಬರುತ್ತವೆ. ವಾದ ಕೇಳಿ ತೀರ್ಪು ಕೊಡುವುದು ಸುಮಾರು 60–70 ಕೇಸುಗಳಲ್ಲಿ. ಉಳಿದವು ಒಂದೇ ಸಾಲಿನಲ್ಲಿ ತಿರಸ್ಕೃತ, ಕಾರಣ ಕೊಡಬೇಕಾಗಿಲ್ಲ. ಕೇಸ್ ತೆಗೆದುಕೊಳ್ಳಲು ನಾಲ್ವರು ಒಪ್ಪಬೇಕು. ಯಾರು ಒಪ್ಪಿದರು, ಯಾರು ಒಪ್ಪಲಿಲ್ಲ ಎಂದು ಸಾಮಾನ್ಯವಾಗಿ ಹೊರಗೆ ತಿಳಿಯುವುದೂ ಇಲ್ಲ. ಒಂದು ಕೇಸನ್ನು ತೆಗೆದುಕೊಳ್ಳದೇ ಇರುವುದೂ ಯಾರಿಗೋ ಮಾಡಿದ ಉಪಕಾರ ಆಗಬಹುದು.

ಗೆಳೆತನದ ಬಗ್ಗೆ ಒಂದು ಸಣ್ಣ ಮಾತು. ಥಾಮಸ್ ಸುಪ್ರೀಂ ಕೋರ್ಟಿಗೆ ಬಂದದ್ದು 1991ರಲ್ಲಿ. ಕ್ರೋ ಅವರ ಗೆಳೆತನ ಅದಾದ ಮೇಲಿನದು. ಜೊತೆಗೆ ಓದಿದ ಗೆಳೆಯ ದುಡ್ಡು ಮಾಡಿ ಕರೆದರೆ ಒಂದು. ಕುರ್ಚಿ ಸಿಕ್ಕ ಮೇಲೆ ಸಿಕ್ಕ ಗೆಳೆಯ ಕರೆದರೆ ಇನ್ನೊಂದು. ಇಬ್ಬರ ಪ್ರೀತಿ ನಿಜವೇ ಇರಬಹುದು. ಹೊರಗಿನವರು ಅನುಮಾನ ಪಡುವುದನ್ನು ಮಾತ್ರ ತಪ್ಪು ಎನ್ನಲಾಗದು, ಅಲ್ವಾ?

ಬರೆದುಕೊಡುವುದರಿಂದ ಏನು ಉಪಯೋಗ ಎಂದು ಕೇಳಿದವರಿಗೆ ನಾನು ಎರಡು ಕಥೆ ಹೇಳುತ್ತೇನೆ. ಎರಡೂ ಪ್ರವಾಸದ ಕಥೆಗಳು, ಎರಡರಲ್ಲೂ ಖಾಲಿ ಸೀಟಿನ ವಿಮಾನ ಇದೆ.

ಮೊದಲನೆಯದು 2004ರ ಜನವರಿಯದು. ನ್ಯಾಯಮೂರ್ತಿ ಆ್ಯಂಟನಿನ್ ಸ್ಕಾಲಿಯಾ ಲೂಯಿಸಿಯಾನಾಕ್ಕೆ ಬಾತುಕೋಳಿ ಬೇಟೆಗೆ ಹೋದರು. ಜೊತೆಗಿದ್ದವರು ಉಪಾಧ್ಯಕ್ಷ ಡಿಕ್ ಚೇನಿ. ಹೋದದ್ದು ಚೇನಿಯವರ ಸರ್ಕಾರಿ ವಿಮಾನದಲ್ಲಿ. ಆಗ ಚೇನಿಯವರೇ ಕಕ್ಷಿದಾರರಾಗಿದ್ದ ಕೇಸೊಂದು ಸುಪ್ರೀಂ ಕೋರ್ಟಿನಲ್ಲಿತ್ತು. ಇಂಧನ ನೀತಿ ಸಮಿತಿಯ ದಾಖಲೆಗಳನ್ನು ಕೊಡಿ ಎಂದು ಸಿಯೆರಾ ಕ್ಲಬ್ ಎಂಬ ಪರಿಸರ ಸಂಘಟನೆ ಕೇಳಿತ್ತು. ಬೇಟೆಯ ಸುದ್ದಿ ಪತ್ರಿಕೆಯಲ್ಲಿ ಬಂತು. ಸ್ಕಾಲಿಯಾ ಈ ಕೇಸಿನಿಂದ ಹಿಂದೆ ಸರಿಯಲಿ ಎಂದು ಸಿಯೆರಾ ಕ್ಲಬ್ ಅರ್ಜಿ ಹಾಕಿತು. ಸ್ಕಾಲಿಯಾ ಒಪ್ಪಲಿಲ್ಲ. ಆದರೆ ಒಪ್ಪದಿರಲು 21 ಪುಟ ಬರೆದರು. ಯಾರು ಕರೆದರು, ಎಷ್ಟು ಜನ ಇದ್ದರು, ಚೇನಿ ಜೊತೆ ಒಂಟಿಯಾಗಿ ಕೂತದ್ದುಂಟೇ ಎಂಬುದೆಲ್ಲ ಅದರಲ್ಲಿದೆ. ವಾಪಸ್ ಬರಲು ಕೊಂಡದ್ದು ಹೋಗಿ ಬರುವ ಟಿಕೆಟ್, ಅದೇ ಅಗ್ಗವಿತ್ತು, ಆದ್ದರಿಂದ ಉಪಾಧ್ಯಕ್ಷರ ವಿಮಾನ ಹತ್ತಿ ಒಂದು ಸೆಂಟೂ ಉಳಿಸಲಿಲ್ಲ ಎಂದೂ ಬರೆದರು. ಟಿಕೆಟ್ಟಿನ ಈ ಲೆಕ್ಕ ಓದಿ ನನಗೆ ನಗು ಬಂದಿತ್ತು. ಆ ನಿರ್ಧಾರ ತಪ್ಪು ಎಂದೇ ನನ್ನ ಅಭಿಪ್ರಾಯ. ಆದರೂ ನೋಡಿ, ಎದುರು ಪಕ್ಷಕ್ಕೆ ಗೊತ್ತಿತ್ತು. ಅವರು ಕೇಳಿದರು. ಕೇಳಿದ್ದಕ್ಕೆ ನ್ಯಾಯಮೂರ್ತಿ ಎಲ್ಲರ ಮುಂದೆ ಉತ್ತರ ಕೊಡಬೇಕಾಯಿತು.

ಎರಡನೆಯದು 2008ರದು. ನ್ಯಾಯಮೂರ್ತಿ ಸ್ಯಾಮ್ಯುಯೆಲ್ ಅಲಿಟೊ ಮೀನು ಹಿಡಿಯಲು ಅಲಾಸ್ಕಾಕ್ಕೆ ಹೋದರು. ಹೋದದ್ದು ಹೆಡ್ಜ್ ಫಂಡ್ (ಶ್ರೀಮಂತರ ಹಣ ಹೂಡಿ ಲಾಭ ಮಾಡುವ ಸಂಸ್ಥೆ) ಉದ್ಯಮಿ ಪಾಲ್ ಸಿಂಗರ್ ಅವರ ಖಾಸಗಿ ಜೆಟ್‌ನಲ್ಲಿ. ನಮೂನೆಯಲ್ಲಿ ಬರೆಯಲಿಲ್ಲ. ಮುಂದೆ ಸಿಂಗರ್ ಅವರ ಫಂಡಿಗೂ ಅರ್ಜೆಂಟೀನಾ ಸರ್ಕಾರಕ್ಕೂ ಹಳೆಯ ಸಾಲಪತ್ರಗಳ ವಿಷಯದಲ್ಲಿ ದೊಡ್ಡ ವ್ಯಾಜ್ಯ ನಡೆಯಿತು. 2014ರಲ್ಲಿ ಅದರ ಒಂದು ಭಾಗ ಸುಪ್ರೀಂ ಕೋರ್ಟಿಗೆ ಬಂತು. ಅರ್ಜೆಂಟೀನಾದ ಆಸ್ತಿ ಜಗತ್ತಿನಲ್ಲಿ ಎಲ್ಲೆಲ್ಲಿದೆ ಎಂದು ಬ್ಯಾಂಕುಗಳಿಂದ ಮಾಹಿತಿ ಕೇಳಬಹುದೇ ಎನ್ನುವುದು ಪ್ರಶ್ನೆ. ಫಂಡಿನ ಪರವಾಗಿ 7–1 ತೀರ್ಪು ಬಂತು. ಆ ಏಳರಲ್ಲಿ ಅಲಿಟೊ ಒಬ್ಬರು. ಕೊನೆಗೆ ಅರ್ಜೆಂಟೀನಾ ಆ ಫಂಡಿಗೆ 240 ಕೋಟಿ ಡಾಲರ್ ಕೊಟ್ಟು ಕೈತೊಳೆದುಕೊಂಡಿತು.

ಏಳರಲ್ಲಿ ಒಂದು ಮತ ಕಳೆದರೂ ತೀರ್ಪು ಅದೇ ಆಗುತ್ತಿತ್ತು. ಅದು ಸರಿ. ಆದರೆ ಮೀನಿನ ಪ್ರವಾಸ ಜನರಿಗೆ ತಿಳಿದದ್ದು 2023ರ ಜೂನ್‌ನಲ್ಲಿ. ಅಲಿಟೊ ಹಿಂದೆ ಸರಿಯಲಿ ಎಂದು 2014ರಲ್ಲಿ ಅರ್ಜೆಂಟೀನಾದ ವಕೀಲರು ಕೇಳಲು ಸಾಧ್ಯವೇ ಇರಲಿಲ್ಲ. ಸಿಯೆರಾ ಕ್ಲಬ್‌ಗೆ ಸಿಕ್ಕ 21 ಪುಟದ ಉತ್ತರ ಅವರಿಗೆ ಸಿಗಲಿಲ್ಲ. ಅಲಿಟೊ ಅವರ ಸಮರ್ಥನೆ ವಾಲ್ ಸ್ಟ್ರೀಟ್ ಜರ್ನಲ್‌ನಲ್ಲಿ ಬಂತು. ಆ ಸೀಟು ಹೇಗಿದ್ದರೂ ಖಾಲಿ ಇರುತ್ತಿತ್ತು, ಸಿಂಗರ್ ಜೊತೆ ಮಾತಾಡಿದ್ದೇ ಕಡಿಮೆ, ಕೇಸಿನಲ್ಲಿ ಅವರ ನಂಟು ಇದೆಯೆಂದು ತಿಳಿದಿರಲಿಲ್ಲ ಎಂದರು. ಕೊನೆಯ ಮಾತನ್ನು ನಾನು ನಂಬಲು ತಯಾರು. ಕೇಸಿನ ಶೀರ್ಷಿಕೆಯಲ್ಲಿ ಇದ್ದದ್ದು ಎನ್‌ಎಮ್‌ಎಲ್ ಕ್ಯಾಪಿಟಲ್ ಎಂಬ ಫಂಡಿನ ಹೆಸರು, ಸಿಂಗರ್ ಹೆಸರಲ್ಲ. ಆದರೆ ಆ ಮಾತು ಬರೆದುಕೊಡುವುದರ ಪರವಾಗಿಯೇ ನಿಲ್ಲುತ್ತದೆ. 2008ರ ನಮೂನೆಯಲ್ಲಿ ಸಿಂಗರ್ ಹೆಸರು ಇದ್ದಿದ್ದರೆ ಬೇರೆ ಯಾರಾದರೂ ಎರಡನ್ನೂ ಜೋಡಿಸಿ ಅವರಿಗೆ ನೆನಪಿಸುತ್ತಿದ್ದರು.

ಉಡುಗೊರೆ ಘೋಷಣೆ ಎಂದರೆ ತಪ್ಪೊಪ್ಪಿಗೆ ಅಲ್ಲ. ಕೋರ್ಟಿನಲ್ಲಿ ಎದುರು ನಿಂತವರಿಗೆ ಕೊಡುವ ಸೂಚನೆ. ನ್ಯಾಯಮೂರ್ತಿ ಕೆಟಾಂಜಿ ಬ್ರೌನ್ ಜಾಕ್ಸನ್ ಅವರಿಗೆ ಗಾಯಕಿ ಬಿಯಾನ್ಸೆ ಕಾರ್ಯಕ್ರಮದ ನಾಲ್ಕು ಟಿಕೆಟ್ ಕೊಟ್ಟಿದ್ದರು. ಜಾಕ್ಸನ್ 3,711.84 ಡಾಲರ್ ಎಂದು ಸೆಂಟುಗಳ ಸಮೇತ ಬರೆದರು. ಒಂದು ದಿನ ಜನ ನಕ್ಕರು, ಅಷ್ಟೇ. ಬಿಯಾನ್ಸೆ ಅವರ ಕೇಸು ಎಂದಾದರೂ ಬಂದರೆ ಎದುರು ವಕೀಲರಿಗೆ ಏನು ಕೇಳಬೇಕೆಂದು ಗೊತ್ತಿದೆ.

ಹಾಗಾದರೆ ಬರೆದುಕೊಟ್ಟರೆ ಎಲ್ಲ ಸರಿಯಾ? ಇಲ್ಲ. ಬರೆಯುವುದು ಒಂದು, ತೆಗೆದುಕೊಳ್ಳುವುದು ಇನ್ನೊಂದು, ಕೇಸಿನಿಂದ ಹಿಂದೆ ಸರಿಯುವುದು ಮೂರನೆಯದು. 5 ಲಕ್ಷ ಡಾಲರ್‌ನ ಪ್ರವಾಸವನ್ನು ಚೊಕ್ಕವಾಗಿ ಬರೆದುಕೊಟ್ಟರೂ ಅದು 5 ಲಕ್ಷದ ಪ್ರವಾಸವೇ. ಅಮೆರಿಕ ಸರ್ಕಾರದ ಆಡಳಿತ ವಿಭಾಗದ ಸಾಮಾನ್ಯ ನೌಕರರ ನಿಯಮ ನೋಡಿ. ಕೆಲಸದ ಸಂಬಂಧ ಇರುವವರಿಂದ ಒಂದು ಸಲಕ್ಕೆ 20 ಡಾಲರ್, ಒಬ್ಬರಿಂದ ವರ್ಷಕ್ಕೆ 50 ಡಾಲರ್ ದಾಟಿದ ಉಡುಗೊರೆ ತೆಗೆದುಕೊಳ್ಳುವಂತೆಯೇ ಇಲ್ಲ. ಬರೆದುಕೊಟ್ಟು ತೆಗೆದುಕೊಳ್ಳುತ್ತೇನೆ ಎಂದರೂ ಆಗದು. ಮಧ್ಯಾಹ್ನದ ಊಟದ ಬಿಲ್ಲಿಗೆ ಗುಮಾಸ್ತರು ಲೆಕ್ಕ ಹಾಕುತ್ತಾರೆ. ದೇಶದ ಅತಿ ದೊಡ್ಡ ಕೋರ್ಟಿನಲ್ಲಿ ಅಂಥ ನೇರವಾದ ಡಾಲರ್ ಮಿತಿ ಇಲ್ಲ. ನನ್ನನ್ನು ಕೇಳಿದರೆ ಮೊದಲು ಸರಿಪಡಿಸಬೇಕಾದದ್ದು ಇದನ್ನು.

ಹಿಂದೆ ಸರಿಯುವ ವಿಷಯದಲ್ಲಿ ಕಾನೂನು ಚೆನ್ನಾಗಿಯೇ ಇದೆ. ನಿಷ್ಪಕ್ಷಪಾತದ ಬಗ್ಗೆ ಯಾರಿಗಾದರೂ ನ್ಯಾಯವಾದ ಅನುಮಾನ ಬರುವಂತಿದ್ದರೆ ಸಾಕು, ಸರಿಯಬೇಕು. ಪಕ್ಷಪಾತ ಇತ್ತೆಂದು ಸಾಬೀತಾಗಬೇಕಾಗಿಲ್ಲ. ಇದು ಸುಪ್ರೀಂ ಕೋರ್ಟಿಗೂ ಅನ್ವಯಿಸುತ್ತದೆ. ಆದರೆ ಅಲ್ಲಿ ಆ ಅನುಮಾನ ನ್ಯಾಯವಾದದ್ದೇ ಎಂದು ತೀರ್ಮಾನಿಸುವವರು ಅದೇ ನ್ಯಾಯಮೂರ್ತಿ. ಮೇಲೆ ಇನ್ನೊಂದು ಕೋರ್ಟ್ ಇಲ್ಲ. ಹಂಗಿನಲ್ಲಿರುವವರೇ ಹಂಗನ್ನು ತೂಗುತ್ತಾರೆ.

ಕೊನೆಯದಾಗಿ, ಬಚ್ಚಿಟ್ಟರೆ ಏನು? ಕಾಗದದ ಮೇಲೆ ಬಹಳ ಇದೆ. ಬೇಕೆಂದೇ ಸುಳ್ಳು ಬರೆದರೆ ಅಥವಾ ಬಿಟ್ಟರೆ ದಂಡ ಹಾಕಲು ಸರ್ಕಾರದ ಕಾನೂನು ಮುಖ್ಯಸ್ಥರಾದ ಅಟಾರ್ನಿ ಜನರಲ್ ಮೊಕದ್ದಮೆ ಹೂಡಬಹುದು. ಅಂಥವರ ಹೆಸರನ್ನು ಜುಡಿಷಿಯಲ್ ಕಾನ್ಫರೆನ್ಸ್ ಅಟಾರ್ನಿ ಜನರಲ್ ಅವರಿಗೆ ಕಳಿಸಬೇಕು. ಥಾಮಸ್ ವಿಷಯದಲ್ಲಿ ಕಳಿಸಿ ಎಂದು ಡೆಮಾಕ್ರಟಿಕ್ ಸಂಸದರು ಕೇಳಿದರು. 2025ರ ಜನವರಿಯಲ್ಲಿ ಕಾನ್ಫರೆನ್ಸ್ ಇಲ್ಲ ಎಂದಿತು. ಥಾಮಸ್ ನಮೂನೆ ತಿದ್ದಿದ್ದಾರೆ, ಮುಂದೆ ನಿಯಮ ಪಾಲಿಸಲು ಒಪ್ಪಿದ್ದಾರೆ ಎಂದಿತು. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯ ಹೆಸರು ಕಳಿಸುವ ಅಧಿಕಾರ ತನಗಿದೆಯೇ ಎಂಬ ಅನುಮಾನವನ್ನೂ ಎತ್ತಿತು. ಕೆಳಗಿನ ಫೆಡರಲ್ ನ್ಯಾಯಾಧೀಶರ ಮೇಲೆ ಯಾರು ಬೇಕಾದರೂ ದೂರು ಕೊಡುವ ಕಾಯ್ದೆ 1980ರಿಂದ ಇದೆ. ಅದರಲ್ಲೂ ಸುಪ್ರೀಂ ಕೋರ್ಟ್ ಸೇರಿಲ್ಲ.

2023ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ತನಗೆ ತಾನೇ ಮೊದಲ ಬಾರಿಗೆ ಲಿಖಿತ ನೀತಿ ಸಂಹಿತೆ ಮಾಡಿಕೊಂಡಿತು. ಒಂಬತ್ತೂ ಜನ ಸಹಿ ಹಾಕಿದರು. ಮುರಿದರೆ ದೂರು ಯಾರಿಗೆ ಎಂಬುದು ಅದರಲ್ಲಿ ಇಲ್ಲ. ಮುಂದಿನ ವರ್ಷ ನ್ಯಾಯಮೂರ್ತಿ ಎಲೆನಾ ಕೇಗನ್ ಒಂದು ದಾರಿ ಸೂಚಿಸಿದರು. ಅನುಭವಿ ನ್ಯಾಯಾಧೀಶರ ಸಮಿತಿಯೊಂದನ್ನು ಮುಖ್ಯ ನ್ಯಾಯಮೂರ್ತಿ ನೇಮಿಸಲಿ, ದೂರುಗಳನ್ನು ಅವರು ನೋಡಲಿ ಎಂದರು. ನನಗೆ ಇದು ಕೈಗೆಟಕುವ ಪರಿಹಾರ ಅನ್ನಿಸುತ್ತದೆ. ಸಂಸತ್ತೇ ವಿಚಾರಣೆ ನಡೆಸಿ ಕುರ್ಚಿಯಿಂದ ಇಳಿಸುವ ವಾಗ್ದಂಡನೆ ಇದೆಯಲ್ಲ ಎನ್ನುತ್ತೀರೇನೋ. ಇಡೀ ಇತಿಹಾಸದಲ್ಲಿ ಸುಪ್ರೀಂ ಕೋರ್ಟಿನ ಒಬ್ಬರೇ ಒಬ್ಬರ ಮೇಲೆ ಅದು ನಡೆದಿದೆ. 1804ರಲ್ಲಿ ಸ್ಯಾಮ್ಯುಯೆಲ್ ಚೇಸ್ ಮೇಲೆ. ಮರುವರ್ಷ ಸೆನೆಟ್ ಅವರನ್ನು ಬಿಟ್ಟುಬಿಟ್ಟಿತು.

ಹಿಂದೊಮ್ಮೆ ನಾಚಿಕೆಯೇ ಕೆಲಸ ಮಾಡಿತ್ತು. ಡೆಮಾಕ್ರಟಿಕ್ ಅಧ್ಯಕ್ಷ ಲಿಂಡನ್ ಜಾನ್ಸನ್ ನೇಮಿಸಿದ್ದ ನ್ಯಾಯಮೂರ್ತಿ ಏಬ್ ಫೋರ್ಟಸ್, ಲೂಯಿಸ್ ವುಲ್ಫ್‌ಸನ್ ಎಂಬ ಹಣಕಾಸು ಉದ್ಯಮಿಯ ಪ್ರತಿಷ್ಠಾನದಿಂದ ವರ್ಷಕ್ಕೆ 20,000 ಡಾಲರ್ ಪಡೆಯಲು ಒಪ್ಪಿದ್ದರು, ಅದೂ ಜೀವನಪರ್ಯಂತ. ವುಲ್ಫ್‌ಸನ್ ಷೇರು ಪ್ರಕರಣದಲ್ಲಿ ಸಿಕ್ಕಿಕೊಂಡ ಮೇಲೆ ಫೋರ್ಟಸ್ ಮೊದಲ ಕಂತನ್ನು ವಾಪಸ್ ಮಾಡಿದರು. 1969ರ ಮೇನಲ್ಲಿ ಲೈಫ್ ಪತ್ರಿಕೆ ಇದನ್ನು ಬಯಲು ಮಾಡಿತು. ಅದೇ ತಿಂಗಳ 14ರಂದು ಫೋರ್ಟಸ್ ರಾಜೀನಾಮೆ ಕೊಟ್ಟರು. ಹಣ ಹಿಂದಿರುಗಿಸಿಯಾಗಿದೆ ಎಂಬ ಮಾತು ಅವರನ್ನು ಉಳಿಸಲಿಲ್ಲ.

ಈ ನಮೂನೆಗಳನ್ನು ನೀವೇ ಓದಬಹುದು. 2022ರ ಕಾಯ್ದೆಯೊಂದು ಇವನ್ನು ಆನ್‌ಲೈನ್‌ನಲ್ಲಿ ಹಾಕಬೇಕು ಎನ್ನುತ್ತದೆ. ಉಡುಗೊರೆಯ ಪಟ್ಟಿಯ ಜೊತೆಗೆ ಪ್ರಯಾಣ ವೆಚ್ಚದ ಪಟ್ಟಿಯನ್ನೂ ಸಾಲದ ಪಟ್ಟಿಯನ್ನೂ ನೋಡಿ. ಪ್ರತಿ ಪಟ್ಟಿಯ ಮೇಲೆ 'ಏನೂ ಇಲ್ಲ' ಎಂದು ಗುರುತು ಹಾಕಲು ಒಂದು ಪುಟ್ಟ ಚೌಕ ಇರುತ್ತದೆ. ಕೊನೆಯಲ್ಲಿ ಹಳೆಯ ವರ್ಷಗಳ ತಿದ್ದುಪಡಿಗೂ ಜಾಗ ಇದೆ, ಅದನ್ನು ಬಿಡಬೇಡಿ. 2019ರ ಬಾಲಿ ಹೋಟೆಲಿನ ವಾಸ್ತವ್ಯವನ್ನು ಥಾಮಸ್ ತಿದ್ದುಪಡಿಯಾಗಿ ಸೇರಿಸಿದ್ದು 2024ರಲ್ಲಿ ಹೊರಬಂದ ನಮೂನೆಯಲ್ಲಿ. ವಿಮಾನವೂ ಹಡಗೂ ಅದರಲ್ಲಿ ಇರಲಿಲ್ಲ.